ಹಾಡಿನ ಮೂಲ ಕೇಳಬಾರದೇ?

ಡಿಸೆಂಬರ್ ನಡುವಿಗೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ದೇವರ ಹಾಡುಗಳ ಸಂತೆಯೇ ನೆರೆಯುತ್ತದೆ. ಧನುರ್ಮಾಸ ಹುಟ್ಟಿತೆಂದರೆ ನೆಲಮಂಗಲ, ಹೊಸಕೋಟೆ ಕಡೆಯ ಊರುಗಳಲ್ಲಿ ಕೋಳಿಗಿಂತ ಮೊದಲು ಗುಡಿಯ ಮೈಕು ಕೂಗುತ್ತದೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ಪುಷ್ಯ ಶುದ್ಧ ಷಷ್ಠಿಯ ತೇರಿಗೆ ಮುಂಚೆ ದನಗಳ ಜಾತ್ರೆ ಕಟ್ಟುತ್ತದೆ, ಅದರ ಬೆನ್ನಿಗೆ ಭಜನೆ ಮೇಳಗಳು. ಚರ್ಚುಗಳಲ್ಲಿ ಗೋದಲಿ ಸಿದ್ಧವಾಗುತ್ತದೆ, ಕ್ಯಾರಲ್ ಹಾಡುವ ಹುಡುಗರು ಮನೆಮನೆ ಸುತ್ತುತ್ತಾರೆ. ಇತ್ತ ದೇವನಹಳ್ಳಿಯ ವಿಮಾನ ನಿಲ್ದಾಣದ ಆಸುಪಾಸಿನ ಕಾಫಿ ಅಂಗಡಿಗಳ ಸ್ಪೀಕರಿನಲ್ಲಿ ಇನ್ನೊಂದೇ ಲೋಕ: ಟ್ರಂಪೆಟ್ಟು, ಸ್ಯಾಕ್ಸೊಫೋನು, ತೂಗಿ ತೂಗಿ ನಡೆಯುವ ತಾಳ, ಬೆಚ್ಚಗಿನ ಗಂಡು ದನಿಯಲ್ಲಿ ಹಿಮದ ವರ್ಣನೆ. ಹಿಮವನ್ನು ಫ್ರಿಜ್ಜಿನಲ್ಲಿ ಬಿಟ್ಟು ಬೇರೆಲ್ಲೂ ಕಾಣದ ನಾಡಿನಲ್ಲಿ ಅದೂ ಈಗ ಹಬ್ಬದ ಸದ್ದೇ.

ಕಾಫಿ ಅಂಗಡಿಯ ಆ ಸದ್ದಿನ ಹೆಸರು ಸ್ವಿಂಗ್, 1930 ಮತ್ತು 40ರ ದಶಕಗಳ ಅಮೆರಿಕದ ಕುಣಿತದ ಸಂಗೀತ. ಬೆನ್ನಿ ಗುಡ್‌ಮನ್, ಗ್ಲೆನ್ ಮಿಲ್ಲರ್ ಮೊದಲಾದವರ ದೊಡ್ಡ ವಾದ್ಯಮೇಳಗಳು ಅದನ್ನು ಜಗತ್ತಿಗೆ ಹಬ್ಬಿಸಿದವು. ಆ ಧಾಟಿಗೆ ಇಂದಿಗೂ ಗಿರಾಕಿಗಳಿದ್ದಾರೆ. ಹೋದ ವರ್ಷ ಕಟ್ಟಿದ ಹಾಡಿಗೂ ಅದೇ ತಾಳ ಹಾಕಿ, ಗ್ರಾಮಫೋನ್ ತಟ್ಟೆಯ ಕರಕರ ಸದ್ದನ್ನು ಬೇಕೆಂದೇ ಬೆರೆಸಿ, ಮುತ್ತಜ್ಜನ ಕಾಲದ್ದೆಂಬಂತೆ ಬಿಡುಗಡೆ ಮಾಡುತ್ತಾರೆ. ಕೇಳಿದವರು ಇದು ಯಾವ ಕಾಲದ್ದೆಂದು ಹುಡುಕಹೊರಟರೆ ಒಬ್ಬ ಗಾಯಕನಿಂದ ಇನ್ನೊಬ್ಬನಿಗೆ, ಅಲ್ಲಿಂದ ಮತ್ತೊಬ್ಬನಿಗೆ ಹೋಗಿ, ಕೊನೆಗೆ ‘ಸಾಂಪ್ರದಾಯಿಕ’ ಎಂಬ ಚೀಟಿಗೆ ಬಂದು ನಿಲ್ಲುತ್ತಾರೆ. ಬರೀ ಮನರಂಜನೆಯ ಮಾತಾಗಿದ್ದರೆ ಇಷ್ಟಕ್ಕೇ ಬಿಡಬಹುದಿತ್ತು. ಆದರೆ ದೇವರ ಹೆಸರಿನಲ್ಲಿ ಹಾಡುವ ಹಾಡಿಗೆ ಈ ಪ್ರಶ್ನೆ ತಗುಲಿದರೆ ಅದು ಬೇರೆ ಬಣ್ಣ ತಾಳುತ್ತದೆ. ಹಾಡಿನ ಹುಟ್ಟು ತಿಳಿಯದೇ ಹೋದರೆ, ಇಲ್ಲವೇ ತಿಳಿದ ಹುಟ್ಟು ಭಕ್ತನಿಗೆ ಹಿಡಿಸದೇ ಹೋದರೆ, ಹಾಡಿನ ಪಾವಿತ್ರ್ಯ ಏನಾಗಬೇಕು?

ನಮ್ಮ ಹಿರಿಯರ ಬಳಿ ಸಿದ್ಧ ಉತ್ತರವೊಂದಿದೆ. ಋಷಿಮೂಲ, ನದಿಮೂಲ ಹುಡುಕಬಾರದು. ಹುಡುಕಿದರೆ ಭಕ್ತಿಗೆ ಊನ ಎಂಬುದು ಅದರ ಇಂಗಿತ. ಗಾದೆ ಚೆನ್ನಾಗಿದೆ. ಆದರೆ ಈ ಜಿಲ್ಲೆಯಲ್ಲಿ ನಿಂತು ಅದನ್ನು ಹೇಳುವುದಕ್ಕೆ ಸ್ವಲ್ಪ ಧೈರ್ಯ ಬೇಕು. ಅರ್ಕಾವತಿ ಹುಟ್ಟುವುದು ನಂದಿ ಬೆಟ್ಟದ ಮಗ್ಗುಲಲ್ಲಿ. ದೊಡ್ಡಬಳ್ಳಾಪುರದ ಕೆರೆಗಳನ್ನು ತುಂಬಿಸಿಕೊಂಡು ಅದು ಹೆಸರಘಟ್ಟಕ್ಕೆ ಇಳಿಯುತ್ತಿತ್ತು. 1890ರ ದಶಕದಲ್ಲಿ ಬೆಂಗಳೂರಿಗೆ ಕೊಳಾಯಿ ನೀರು ಕೊಟ್ಟದ್ದು ಇದೇ ನದಿ. ನೆಲಮಂಗಲದ ಶಿವಗಂಗೆಯಲ್ಲಿ ಹುಟ್ಟುವ ಕುಮುದ್ವತಿ ಮುಂದೆ ಇದನ್ನೇ ಕೂಡುತ್ತದೆ. ಮೂಲ ಯಾವುದು, ಕಾಲುವೆ ಎಲ್ಲಿ ಹಾಯುತ್ತದೆ, ಯಾರು ಮುಚ್ಚಿದರು ಎಂದು ಹೊತ್ತಿಗೆ ಸರಿಯಾಗಿ ಕೇಳದೆ ಹೋದದ್ದರಿಂದಲೇ ಆ ಎರಡೂ ನದಿಗಳಿಗೆ ಇಂದಿನ ಗತಿ ಬಂದಿರುವುದು. ನದಿಮೂಲವನ್ನಂತೂ ಹುಡುಕಬೇಕಿತ್ತು. ಹಾಗಾದರೆ ಋಷಿಮೂಲದ ಮಾತೇನು?

ಕಾಫಿ ಅಂಗಡಿಯ ಹಾಡಿನಿಂದಲೇ ಹೊರಡಬಹುದು. ‘ಜಿಂಗಲ್ ಬೆಲ್ಸ್’ ಅನ್ನು ಗುಡ್‌ಮನ್ ಮೇಳ 1935ರಲ್ಲೂ ಮಿಲ್ಲರ್ ಮೇಳ 1941ರಲ್ಲೂ ಸ್ವಿಂಗ್ ತಾಳಕ್ಕೆ ಹಾಕಿ ನುಡಿಸಿದವು. ಕ್ರಿಸ್‌ಮಸ್ ಎಂದರೆ ಮೊದಲು ನೆನಪಾಗುವ ಈ ಹಾಡಿನಲ್ಲಿ ಕ್ರಿಸ್ತನಿಲ್ಲ, ಮರಿಯಮ್ಮನಿಲ್ಲ, ಕ್ರಿಸ್‌ಮಸ್ ಎಂಬ ಹೆಸರೂ ಇಲ್ಲ. ಇರುವುದು ಒಂದು ಕುದುರೆ, ಹಿಮದ ಮೇಲೆ ಜಾರುವ ಗಾಡಿ, ಹರೆಯದವರ ಕೇಕೆ. ಬರೆದವನು ಜೇಮ್ಸ್ ಲಾರ್ಡ್ ಪಿಯರ್‌ಪಾಂಟ್. ಹಕ್ಕು ನೋಂದಣಿಯಾದದ್ದು 1857ರ ಸೆಪ್ಟೆಂಬರ್‌ನಲ್ಲಿ, ಬೇರೊಂದು ಹೆಸರಿನಿಂದ. ಈಗಿನ ಹೆಸರು ಬಂದದ್ದು 1859ರ ಮುದ್ರಣದಲ್ಲಿ. ಮ್ಯಾಸಚೂಸೆಟ್ಸ್‌ನ ಮೆಡ್‌ಫರ್ಡ್ ಪಟ್ಟಣ, 1850ರಲ್ಲಿ ನಮ್ಮೂರ ಹೆಂಡದಂಗಡಿಯಲ್ಲಿ ಕೂತು ಬರೆದದ್ದು ಎಂದು ಫಲಕ ನೆಟ್ಟಿದೆ. ದಕ್ಷಿಣದ ಸವಾನ್ನಾ ಪಟ್ಟಣ, ಅಲ್ಲ, ನಮ್ಮ ಚರ್ಚಿನಲ್ಲಿ ಅವನು ಆರ್ಗನ್ ನುಡಿಸುತ್ತಿದ್ದಾಗ ಹುಟ್ಟಿದ್ದು ಎಂದು ಇನ್ನೊಂದು ಫಲಕ ನೆಟ್ಟಿದೆ. ಒಂದೇ ಋಷಿಗೆ ಎರಡು ಆಶ್ರಮ ತೋರಿಸುವ ಚಾಳಿ ನಮ್ಮಲ್ಲಷ್ಟೇ ಇರುವುದಲ್ಲ.

ಬಾಸ್ಟನ್ ವಿಶ್ವವಿದ್ಯಾಲಯದ ಕೈನಾ ಹ್ಯಾಮಿಲ್ ಎಂಬ ವಿದ್ವಾಂಸೆ ಈ ಜಗಳ ತೀರಿಸಲು ದಾಖಲೆಗಳ ರಾಶಿಗೆ ಕೈಹಾಕಿದರು. ಅವರ ಪ್ರಬಂಧ 2017ರಲ್ಲಿ ಹೊರಬಂತು. ಎರಡೂ ಊರಿಗೆ ಇಷ್ಟವಾಗದ ಸಂಗತಿಯೊಂದು ಅಲ್ಲಿತ್ತು. ಹಾಡು ಮೊದಲು ಮೇಳಕ್ಕೆ ಬಂದದ್ದು 1857ರ ಸೆಪ್ಟೆಂಬರ್ 15ರಂದು, ಬಾಸ್ಟನ್ನಿನ ಆರ್ಡ್‌ವೇ ಸಭಾಂಗಣದಲ್ಲಿ. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕರಿಯರನ್ನು ಅಣಕಿಸುವ ‘ಮಿನ್‌ಸ್ಟ್ರೆಲ್’ ಆಟದ ಭಾಗವಾಗಿ. ಪತ್ರಿಕೆಗಳಲ್ಲಿ ಗದ್ದಲವೆದ್ದಿತು. ಹಾಡನ್ನೇ ನಿಲ್ಲಿಸಿ ಎಂದು ಆಕೆ ಹೇಳಿದರೆಂದು ಹಲವರು ರೇಗಾಡಿದರು. ಆಕೆ ಹಾಗೆ ಹೇಳಿರಲಿಲ್ಲ. ಎಲ್ಲಿ, ಯಾರೆದುರು ಹುಟ್ಟಿತು ಎಂದಷ್ಟೇ ಹೇಳಿದ್ದರು. ಮೂಲ ತಿಳಿಸುವುದೂ ತೀರ್ಪು ಕೊಡುವುದೂ ಒಂದೇ ಎಂದು ಜನ ಭಾವಿಸಿಬಿಡುತ್ತಾರೆ. ಅರ್ಧ ಜಗಳ ಹುಟ್ಟುವುದು ಅಲ್ಲಿಂದ.

ಹಬ್ಬದ ಉಳಿದ ಹಾಡುಗಳ ಜಾತಕವೂ ಹೀಗೇ ಸ್ವಾರಸ್ಯ. ‘ವೈಟ್ ಕ್ರಿಸ್‌ಮಸ್’ ಬರೆದ ಇರ್ವಿಂಗ್ ಬರ್ಲಿನ್ ಕ್ರೈಸ್ತನೇ ಅಲ್ಲ. ರಷ್ಯಾ ಸಾಮ್ರಾಜ್ಯದಿಂದ ಬಂದ ಯಹೂದಿ ಕುಟುಂಬದವನು, ಯಹೂದಿ ಪ್ರಾರ್ಥನೆ ಹಾಡುವವನ ಮಗ. ಅವನ ಹಸುಗೂಸು ತೀರಿಕೊಂಡದ್ದು 1928ರ ಡಿಸೆಂಬರ್ 25ರಂದು. ಬಿಂಗ್ ಕ್ರಾಸ್ಬಿ 1941ರ ಕ್ರಿಸ್‌ಮಸ್ ದಿನ ರೇಡಿಯೋದಲ್ಲಿ ಈ ಹಾಡು ಹಾಡಿದ. ಮರುವರ್ಷ ಸಿನಿಮಾದಲ್ಲಿ ಬಂದು, ಯುದ್ಧಭೂಮಿಯಲ್ಲಿದ್ದ ಸೈನಿಕರ ಬಾಯಲ್ಲಿ ಅದು ಮನೆಯ ನೆನಪಿನ ಹಾಡಾಯಿತು. ಹಿಮ ಬೀಳಲಿ ಎಂದು ಕರೆಯುವ ಇನ್ನೊಂದು ಹಾಡು 1945ರ ಜುಲೈ ಬಿಸಿಲಿನಲ್ಲಿ, ಬೆವರು ಸುರಿಯುವ ಹಾಲಿವುಡ್ಡಿನಲ್ಲಿ ಕಟ್ಟಿದ್ದು. ಅದನ್ನು ಬರೆದ ಸ್ಯಾಮಿ ಕಾನ್, ರಾಗ ಕಟ್ಟಿದ ಜೂಲ್ ಸ್ಟೈನ್ ಇಬ್ಬರೂ ಯಹೂದಿಗಳೇ. ‘ಹಳೆಯ ಕಾಲದ ಕ್ರಿಸ್‌ಮಸ್’ ಎಂದು ಜಗತ್ತು ನಂಬಿರುವ ಸದ್ದಿನ ದೊಡ್ಡ ಪಾಲು ಆ ಹತ್ತು ಹದಿನೈದು ವರ್ಷಗಳ ಸರಕು.

ಚರ್ಚಿನೊಳಗೆ ಹಾಡುವ ಹಾಡುಗಳಾದರೂ ನಿಶ್ಚಿತವೇ? ಹುಲ್ಲಿನ ತೊಟ್ಟಿಲಲ್ಲಿ ಮಲಗಿದ ಮಗುವನ್ನು ಕುರಿತ ಇಂಗ್ಲಿಷ್ ಜೋಗುಳವೊಂದಿದೆ, ‘ಅವೇ ಇನ್ ಎ ಮೇಂಜರ್’. ಮಾರ್ಟಿನ್ ಲೂಥರ್ ತನ್ನ ಮಕ್ಕಳಿಗಾಗಿ ಬರೆದದ್ದು ಎಂದು 1887ರ ಅಮೆರಿಕದ ಪುಸ್ತಕವೊಂದು ಅಚ್ಚು ಹಾಕಿತು, ಜನ ನಂಬಿದರು. 1945ರಲ್ಲಿ ರಿಚರ್ಡ್ ಹಿಲ್ ಎಂಬ ಗ್ರಂಥಪಾಲ ಬೆನ್ನುಹತ್ತಿ ನೋಡಿದರೆ, ಲೂಥರನ ಬರಹದಲ್ಲಾಗಲಿ ಜರ್ಮನಿಯ ಹಳೆಯ ಹಾಡುಪುಸ್ತಕಗಳಲ್ಲಾಗಲಿ ಅದರ ಸುಳಿವೇ ಇಲ್ಲ. ಅಮೆರಿಕದಲ್ಲೇ ಹುಟ್ಟಿದ ಪದ್ಯ. ‘ಸೈಲೆಂಟ್ ನೈಟ್’ ಹಾಡಿನದು ಇದರ ತದ್ವಿರುದ್ಧ ಕಥೆ. ಅದನ್ನು ಆಲ್ಪ್ಸ್ ಬೆಟ್ಟಗಾಡಿನ ಜನಪದವೆಂದರು, ರಾಗ ಹೈಡನ್‌ನದಿರಬೇಕೆಂದರು. 1854ರಲ್ಲಿ ಬರ್ಲಿನ್ನಿನ ಅರಮನೆಯಿಂದ ವಿಚಾರಣೆ ಬಂದಾಗ, ಒಂದು ಕಾಲಕ್ಕೆ ಬಡ ಶಾಲಾ ಮೇಷ್ಟ್ರಾಗಿದ್ದ ಫ್ರಾನ್ಸ್ ಗ್ರೂಬರ್ ಲೇಖನಿ ಹಿಡಿದು, 1818ರ ಡಿಸೆಂಬರ್ 24ರಂದು ಓಬರ್ನ್‌ಡಾರ್ಫ್ ಎಂಬ ಊರಿನಲ್ಲಿ ಪಾದ್ರಿ ಯೋಸೆಫ್ ಮೋರ್ ಕೊಟ್ಟ ಪದ್ಯಕ್ಕೆ ತಾನು ರಾಗ ಹಾಕಿದೆನೆಂದು ಬರೆದುಕೊಟ್ಟ. ಮೋರ್ ಆ ಹೊತ್ತಿಗೆ ತೀರಿಕೊಂಡು ಆರು ವರ್ಷವಾಗಿತ್ತು. ಅವನ ಕೈಬರಹದ ಪ್ರತಿ ಸಿಕ್ಕಿದ್ದು 1995ರಲ್ಲಿ. ಪದ್ಯ 1816ರದೆಂದು ಅದರಲ್ಲಿ ಅವನೇ ಗುರುತು ಹಾಕಿದ್ದ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಒಂದರಲ್ಲಿ ಬರೆಯದ ಮಹಾತ್ಮನಿಗೆ ಹಾಡು ದಕ್ಕಿತು, ಇನ್ನೊಂದರಲ್ಲಿ ಬರೆದ ಬಡವನ ಕೈತಪ್ಪಿತು. ಹಾಡುವವರ ಕಣ್ಣೀರು ಮಾತ್ರ ಎರಡು ಕಡೆಯೂ ನಿಜ.

ಇನ್ನು ಬೆಳಗಿನ ಜಾವದ ಮೈಕಿಗೆ ಬರೋಣ. ವೇಂಕಟೇಶ ಸುಪ್ರಭಾತ ಅನಾದಿ ಎಂದೇ ಹಲವರ ಭಾವನೆ. ಅದನ್ನು ರಚಿಸಿದವರು ಪ್ರತಿವಾದಿ ಭಯಂಕರಂ ಅಣ್ಣಂಗರಾಚಾರ್ಯರು, ಸುಮಾರು 15ನೇ ಶತಮಾನದವರು. ಆದರೆ ಮೊದಲ ಶ್ಲೋಕ ಅವರದ್ದಲ್ಲ. ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ವಿಶ್ವಾಮಿತ್ರರು ರಾಮನನ್ನು ಎಬ್ಬಿಸುವ ಶ್ಲೋಕ. ನಾವು ಕೇಳುವ ದನಿ 1963ರ ಗ್ರಾಮಫೋನ್ ತಟ್ಟೆಯದು. ಹೀಗೆ ಮೂರು ಕಾಲ ಒಂದರ ಮೇಲೊಂದು ಕೂತಿವೆ. ಇದಕ್ಕಿಂತ ಸ್ವಾರಸ್ಯದ ಸಂಗತಿ ಇನ್ನೊಂದುಂಟು. ಧನುರ್ಮಾಸದಲ್ಲಿ ತಿರುಮಲೆಯ ಸನ್ನಿಧಿಯಲ್ಲಿ ಸುಪ್ರಭಾತ ಹೇಳುವುದಿಲ್ಲ. ಆ ತಿಂಗಳಿಡೀ ಗೋದಾದೇವಿಯ ತಮಿಳು ತಿರುಪ್ಪಾವೈ ಹಾಡಿ ತಿಮ್ಮಪ್ಪನನ್ನು ಎಬ್ಬಿಸುತ್ತಾರೆ. ನಮ್ಮ ಮೈಕುಗಳು ಮಾತ್ರ ಅದೇ ತಿಂಗಳು ಸುಪ್ರಭಾತವನ್ನು ಇನ್ನಷ್ಟು ಗಟ್ಟಿಯಾಗಿ ಕೂಗುತ್ತವೆ. ಸಂಪ್ರದಾಯ ಎಂಬುದು ಹೀಗೂ ಹುಟ್ಟುತ್ತದೆ, ಒಂದು ತಟ್ಟೆ ಮತ್ತು ಒಂದು ಸ್ಪೀಕರಿನಿಂದ.

ಹಳ್ಳಿಯ ಭಜನೆ ಮೇಳಗಳ ಪುಸ್ತಕ ತೆರೆದರೆ ಪುರಂದರದಾಸರ ಪದದ ಬೆನ್ನಿಗೇ ‘ಭಕ್ತ ಕುಂಬಾರ’ದ ಹಾಡು ಬರುವುದು ಯಾರಿಗೂ ಅಚ್ಚರಿಯಲ್ಲ. ಅದು ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನದಲ್ಲಿ 1974ರಲ್ಲಿ ಬಂದ ಚಿತ್ರ, ಸಂಗೀತ ಜಿ.ಕೆ. ವೆಂಕಟೇಶ್ ಅವರದು, ಗೋರಾ ಕುಂಬಾರನಾಗಿ ರಾಜ್‌ಕುಮಾರ್. ಸಾವಿನ ಮನೆಯಲ್ಲಿ ರಾತ್ರಿಯಿಡೀ ಭಜನೆ ನಡೆಯುವಾಗ ಆ ಚಿತ್ರದ ಹಾಡನ್ನು ದಾಸರ ಪದವೆಂದೇ ತಿಳಿದು ಹಾಡುವವರಿದ್ದಾರೆ. ಹಳೆಯ ಧಾಟಿಯಲ್ಲಿ ಹೊಸದಾಗಿ ಕಟ್ಟಿದ ಹಾಡು ಹಳೆಯದರ ಸಾಲಿಗೆ ಸೇರಿಹೋದ ಈ ಪ್ರಸಂಗ, ಸ್ವಿಂಗ್ ಹಾಡಿನ ಒಗಟಿಗೆ ನಮ್ಮ ನಾಡಿನ ಜೋಡಿ. ಕಟ್ಟಿದವರು ಮೋಸ ಮಾಡಿಲ್ಲ, ಹೆಸರು ಪರದೆಯ ಮೇಲೇ ಬಂದಿತ್ತು. ಮರೆತದ್ದು ಹಾಡಿದವರು.

ಪುರಂದರದಾಸರ ಪದಗಳಾದರೂ ಎಲ್ಲ ಅವರವೇ? ಸಂಪ್ರದಾಯ ಹೇಳುವ ಲೆಕ್ಕ 4,75,000. ಕೈಗೆ ಸಿಕ್ಕಿರುವುದು ಅದರ ಸಣ್ಣದೊಂದು ಪಾಲು. ಅದರಲ್ಲೂ ‘ಪುರಂದರವಿಠಲ’ ಎಂಬ ಅಂಕಿತವನ್ನು ಕೊನೆಗೆ ಸೇರಿಸುವುದು ಯಾರಿಗೂ ಕಷ್ಟವಲ್ಲ. ಪದ ಉಳಿದರೂ ರಾಗ ಉಳಿದದ್ದು ಕಡಿಮೆ. ಇಂದು ಕೇಳುವ ಎಷ್ಟೋ ಧಾಟಿಗಳು ಈಚಿನವರು ಹಾಕಿದವು. ‘ಭಾಗ್ಯದ ಲಕ್ಷ್ಮಿ ಬಾರಮ್ಮ’ ಎಂದೊಡನೆ ಭೀಮಸೇನ ಜೋಶಿಯವರ ದನಿ ಕಿವಿಯಲ್ಲಿ ಮೂಡುವವರಿಗೆ ಕರ್ನಾಟಕ ಸಂಗೀತದವರ ಧಾಟಿ ಬೇರೆ ಹಾಡೇ ಎನ್ನಿಸುತ್ತದೆ. ದಾಸರ ಪದಗಳನ್ನು ಮೊದಲು ಅಚ್ಚಿಗೆ ತಂದವರಾರು ಎಂಬುದೂ ಗಮನಿಸಬೇಕಾದ ವಿಷಯ: 1850ರಲ್ಲಿ, ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್, ಕ್ರೈಸ್ತ ಧರ್ಮ ಪ್ರಚಾರಕ್ಕೆ ಜರ್ಮನಿಯಿಂದ ಬಂದವರು.

ಈ ಒಗಟು ಭಾರತೀಯ ದರ್ಶನಕಾರರಿಗೆ ಹೊಸದಲ್ಲ. ಅವರು ಇದನ್ನು ಹಾಡಿನ ಬಗ್ಗೆಯಲ್ಲ, ವೇದದ ಬಗ್ಗೆಯೇ ಕೇಳಿದರು. ಮೀಮಾಂಸಕರ ನಿಲುವು ಬಲು ಧೀರ. ವೇದ ಪ್ರಮಾಣ, ಏಕೆಂದರೆ ಅದಕ್ಕೆ ಕರ್ತೃವೇ ಇಲ್ಲ, ಅದು ಅಪೌರುಷೇಯ. ಹೇಳಿದವನೊಬ್ಬನಿದ್ದರೆ ಅವನಿಗೆ ಮರೆವಿರಬಹುದು, ಲಾಭವಿರಬಹುದು, ಭ್ರಮೆಯಿರಬಹುದು. ಹೇಳಿದವನೇ ಇಲ್ಲದ ಮಾತಿಗೆ ಆ ದೋಷಗಳು ಅಂಟುವುದು ಹೇಗೆ? ನೈಯಾಯಿಕರು ಇದಕ್ಕೆ ತಲೆಯಾಡಿಸಲಿಲ್ಲ. ಮಾತಿಗೆ ಬೆಲೆ ಬರುವುದು ಆಡಿದವನು ಆಪ್ತನಾಗಿದ್ದಾಗ, ಅಂದರೆ ತಿಳಿದವನೂ ನಂಬಲರ್ಹನೂ ಆಗಿದ್ದಾಗ. ವೇದಕ್ಕೂ ಕರ್ತೃವಿದ್ದಾನೆ, ಅವನು ಈಶ್ವರ ಎಂದರು. ಒಬ್ಬರಿಗೆ ಕರ್ತೃವಿಲ್ಲದಿರುವುದೇ ಬಲ, ಇನ್ನೊಬ್ಬರಿಗೆ ಕರ್ತೃವೇ ಬಲ.

ಕರ್ತೃವಿಲ್ಲ ಎಂದು ತೋರಿಸಲು ಮೀಮಾಂಸಕರು ಕೊಟ್ಟ ಮುಖ್ಯ ಕಾರಣ, ಅಂಥವನೊಬ್ಬನ ನೆನಪು ಯಾರಿಗೂ ಇಲ್ಲ ಎಂಬುದು. ಇಷ್ಟು ಕಟ್ಟುನಿಟ್ಟಾಗಿ ಬಾಯಿಪಾಠ ಉಳಿಸಿಕೊಂಡ ಪರಂಪರೆ, ರಚಿಸಿದವನೊಬ್ಬ ಇದ್ದಿದ್ದರೆ ಅವನನ್ನು ಮರೆಯುತ್ತಿತ್ತೇ? ಎದುರುವಾದಿಗಳ ಉತ್ತರ ಚಿಕ್ಕದು, ಚೂಪಾದುದು: ಹಾಳುಬಿದ್ದ ಹಳೆಯ ಬಾವಿಯನ್ನು ತೋಡಿಸಿದವರೂ ಯಾರಿಗೂ ನೆನಪಿಲ್ಲ, ಹಾಗೆಂದು ಬಾವಿ ತಾನಾಗಿ ಹುಟ್ಟಿತೇ? ಮರೆತಿದ್ದೇವೆ ಎಂಬುದರಿಂದ ಇರಲಿಲ್ಲ ಎಂಬುದು ಸಿದ್ಧವಾಗುವುದಿಲ್ಲ. ದೇವನಹಳ್ಳಿ, ಹೊಸಕೋಟೆ ಸೀಮೆಯ ಯಾವ ಊರಿಗೆ ಹೋದರೂ ಇಂಥ ಕಲ್ಯಾಣಿ, ಬಾವಿಗಳು ಕಣ್ಣಿಗೆ ಬೀಳುತ್ತವೆ. ಸುತ್ತಲಿನ ಕಲ್ಲುಗಳಿಗೆ ಮಾತ್ರ ಮಾತು ಬರುತ್ತದೆ. ಈ ನಾಲ್ಕೂ ತಾಲ್ಲೂಕುಗಳ ಶಾಸನಗಳನ್ನು ಬಿ.ಎಲ್. ರೈಸ್ 1905ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 9ನೇ ಸಂಪುಟದಲ್ಲಿ ಅಚ್ಚು ಹಾಕಿಸಿದರು. ವೀರಗಲ್ಲಿನಲ್ಲಿ ಸತ್ತವನ ಹೆಸರಿದೆ, ರಾಜನ ಹೆಸರಿದೆ, ಎಷ್ಟೋ ಕಡೆ ಶಕವರ್ಷವೂ ಇದೆ. ಅದೇ ಊರಿನ ಸೋಬಾನೆ ಪದಕ್ಕೆ ಏನೂ ಇಲ್ಲ.

ಕನ್ನಡದ ಶರಣರೂ ದಾಸರೂ ಈ ಇಬ್ಬರು ವಾದಿಗಳ ನಡುವೆ ಸದ್ದಿಲ್ಲದೆ ಮೂರನೆಯ ದಾರಿ ಮಾಡಿಕೊಂಡರು. ಅದು ಅಂಕಿತ. ಬಸವಣ್ಣನವರ ವಚನದ ಕೊನೆಗೆ ಬರುವುದು ಬಸವಣ್ಣ ಎಂಬ ಹೆಸರಲ್ಲ, ಕೂಡಲಸಂಗಮದೇವ ಎಂಬ ದೇವರ ಹೆಸರು. ಜೇಡರ ದಾಸಿಮಯ್ಯನ ವಚನಕ್ಕೆ ರಾಮನಾಥ. ಮಾತನ್ನು ದೇವರಿಗೆ ಒಪ್ಪಿಸಿಯೂ ಆಯಿತು, ಒಪ್ಪಿಸಿದವರು ಯಾರೆಂಬ ಗುರುತೂ ಉಳಿಯಿತು. ಕರ್ತೃ ಇದ್ದಾನೆ, ಆದರೆ ಹಿಂದೆ ಸರಿದು ನಿಂತಿದ್ದಾನೆ. ಹಾಡಿನ ಒಡೆತನದ ಬಗ್ಗೆ ಕನ್ನಡ ಕಂಡುಕೊಂಡ ಅತಿ ಜಾಣ ಉಪಾಯ ಇದೇ ಇರಬೇಕು.

ಉಪಾಯವೆಂದ ಮೇಲೆ ಅದಕ್ಕೂ ತೂತುಗಳುಂಟು. ಮಾತೆ ಮಹಾದೇವಿಯವರು ತಮ್ಮ ‘ಬಸವ ವಚನ ದೀಪ್ತಿ’ಯಲ್ಲಿ ಕೂಡಲಸಂಗಮದೇವ ಎಂಬಲ್ಲೆಲ್ಲ ಲಿಂಗದೇವ ಎಂದು ತಿದ್ದಿದರು. ಭಕ್ತರ ಒಂದು ಗುಂಪಿಗೆ ಅದು ತಾತ್ವಿಕ ಶುದ್ಧೀಕರಣವಾಗಿ ಕಂಡರೆ, ಉಳಿದವರಿಗೆ ಬಸವಣ್ಣನವರ ಸಹಿಯನ್ನೇ ಅಳಿಸಿದಂತೆ ಕಂಡಿತು. ಸರ್ಕಾರ 1998ರಲ್ಲಿ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. ಸುಪ್ರೀಂ ಕೋರ್ಟ್ 2017ರಲ್ಲಿ ಆ ಕ್ರಮವನ್ನು ಎತ್ತಿಹಿಡಿಯಿತು. ನಿಷೇಧ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಪುಸ್ತಕಕ್ಕೆ ಪುಸ್ತಕದಿಂದ ಉತ್ತರ ಕೊಡುವುದೇ ಮೇಲು. ಆದರೆ ಮೂಲವೆಂಬುದು ಭಕ್ತಿಗೆ ಸಂಬಂಧಿಸಿದ್ದೇ ಅಲ್ಲ ಎನ್ನುವವರು ಈ ಪ್ರಕರಣವನ್ನು ನೆನೆಯಬೇಕು. ಅಂಕಿತದ ಒಂದು ಪದ ಬದಲಾದದ್ದಕ್ಕೆ ನಾಡು ಇಪ್ಪತ್ತು ವರ್ಷ ಕೋರ್ಟಿನಲ್ಲಿ ಕೂತಿತು.

ದಾಸಿಮಯ್ಯನ ಮಾತು ದೊಡ್ಡಬಳ್ಳಾಪುರಕ್ಕೆ ಇನ್ನೂ ಹತ್ತಿರದ್ದು. ಮಗ್ಗದ ಸದ್ದಿನ ಊರು ಅದು. ಅಲ್ಲಿನ ದೇವಾಂಗ ನೇಕಾರರಿಗೆ ದಾಸಿಮಯ್ಯ ಕುಲಗುರು, ಆದ್ಯ ವಚನಕಾರ. ವರ್ಷವರ್ಷವೂ ಜಯಂತಿ ನಡೆಯುತ್ತದೆ. ಈಗಿನ ಯಾದಗಿರಿ ಜಿಲ್ಲೆಯ ಮುದನೂರಿನವನು, ಅಲ್ಲಿನ ರಾಮನಾಥನ ಭಕ್ತ, ನೂರೈವತ್ತಕ್ಕೂ ಹೆಚ್ಚು ವಚನ ಅವನ ಹೆಸರಿನಲ್ಲಿವೆ. ವಿದ್ವಾಂಸರ ನಡುವೆ ಮಾತ್ರ ಒಂದು ವಾದ ಉರಿಯುತ್ತಲೇ ಇದೆ. ಚಾಲುಕ್ಯ ಜಯಸಿಂಹನ ರಾಣಿ ಸುಗ್ಗಲದೇವಿಗೆ ದೀಕ್ಷೆ ಕೊಟ್ಟನೆಂಬ ದೇವರ ದಾಸಿಮಯ್ಯನೂ ವಚನ ಬರೆದ ಜೇಡರ ದಾಸಿಮಯ್ಯನೂ ಒಬ್ಬನೇ, ಇಬ್ಬರೇ? ಒಬ್ಬನೇ ಎಂದರೆ ವಚನದ ಹುಟ್ಟು 11ನೇ ಶತಮಾನಕ್ಕೆ, ಬಸವಣ್ಣನವರಿಗಿಂತ ಹಿಂದಕ್ಕೆ ಸರಿಯುತ್ತದೆ. ಇಬ್ಬರು ಎಂದರೆ ಒಂದು ಸಮುದಾಯದ ಹೆಮ್ಮೆಯ ಕಂಬ ಅಲುಗುತ್ತದೆ. ಇಂಥ ಕಡೆ ಋಷಿಮೂಲ ಕೇಳಿದವನಿಗೆ ಬರುವುದು ಪ್ರಶಂಸೆಯಲ್ಲ. ಆದರೂ ನೇಕಾರಿಕೆಯ ಕಸುಬಿನ ಮಾತಿನಲ್ಲೇ ದೇವರೊಡನೆ ವಾದಿಸುವ ಆ ವಚನಗಳು ಎರಡು ಉತ್ತರದಲ್ಲಿ ಯಾವುದು ಬಂದರೂ ಒಂದಕ್ಷರ ಕಳೆದುಕೊಳ್ಳುವುದಿಲ್ಲ.

ಅಮೆರಿಕದ ತತ್ತ್ವಜ್ಞಾನಿ ವಿಲಿಯಂ ಜೇಮ್ಸ್ 1901-02ರಲ್ಲಿ ಎಡಿನ್‌ಬರೊದಲ್ಲಿ ಧಾರ್ಮಿಕ ಅನುಭವವನ್ನು ಕುರಿತು ಕೊಟ್ಟ ಉಪನ್ಯಾಸಗಳಲ್ಲಿ ಇದನ್ನೇ ವಾದವಾಗಿ ಮಂಡಿಸಿದ. ಅನುಭವವೊಂದು ಯಾವ ಬೇರಿನಿಂದ ಬಂತು ಎಂಬುದು ಅದರ ಬೆಲೆಯನ್ನು ಗೊತ್ತುಮಾಡುವುದಿಲ್ಲ, ಅದು ಬಿಟ್ಟ ಹಣ್ಣಿನಿಂದ ಅಳೆಯಬೇಕು ಎಂದ. ಹಾಡಿನ ಮಟ್ಟಿಗೆ ಇದು ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲಿನಲ್ಲಿ ತಕರಾರಿದೆ, ಅದಕ್ಕೆ ನೆರೆಯ ಪುದುಚೇರಿಯೇ ಸಾಕ್ಷಿ.

‘ಎಜೂರ್ ವೇದಂ’ ಎಂಬ ಗ್ರಂಥದ ಕಥೆ ಅದು. ವೇದವೊಂದರ ಫ್ರೆಂಚ್ ಅನುವಾದವೆಂದು ಹೇಳಿಕೊಂಡ ಹಸ್ತಪ್ರತಿ 1760ರಲ್ಲಿ ಫ್ರೆಂಚ್ ಚಿಂತಕ ವಾಲ್ಟೇರನ ಕೈಸೇರಿತು. ಮೂರ್ತಿಪೂಜೆಯನ್ನು ಹಳಿದು ಒಬ್ಬನೇ ದೇವರನ್ನು ಹೊಗಳುವ ಅದನ್ನು ಓದಿ ಅವನು ಹಿಗ್ಗಿದ. 1761ರಲ್ಲಿ ಪ್ರತಿಯನ್ನು ರಾಜರ ಗ್ರಂಥಾಲಯಕ್ಕೆ ಕೊಟ್ಟ. ಬೈಬಲ್ಲಿಗಿಂತ ಹಳೆಯ ಜ್ಞಾನ ಪೂರ್ವದಲ್ಲಿತ್ತೆಂದು ಚರ್ಚಿನ ವಿರುದ್ಧ ಝಳಪಿಸಿದ. 1778ರಲ್ಲಿ ಅಚ್ಚಾಯಿತು. 1782ರಲ್ಲಿ ಪ್ರವಾಸಿ ಸೊನೆರಾ, ಇದು ಬ್ರಾಹ್ಮಣರ ವೇಷದಲ್ಲಿ ಮಿಷನರಿಯೊಬ್ಬ ಬರೆದದ್ದು ಎಂದು ಬಯಲಿಗೆಳೆದ. 1822ರಲ್ಲಿ ಪ್ರಕಟವಾದ, ಎಲಿಸ್ ಎಂಬ ವಿದ್ವಾಂಸನ ಲೇಖನ ಪುದುಚೇರಿಯಲ್ಲಿದ್ದ ಮೂಲಪ್ರತಿಗಳನ್ನು ಪರಿಶೀಲಿಸಿ, ಹೊಣೆಯನ್ನು ರಾಬರ್ಟೊ ಡಿ ನೊಬಿಲಿ ಎಂಬ ಜೆಸ್ಯುಯಿಟ್ ಪಾದ್ರಿಯ ಮೇಲೆ ಹೊರಿಸಿತು. ಅದೂ ನಿಲ್ಲಲಿಲ್ಲ. 1984ರಲ್ಲಿ ಲೂಡೊ ರೋಷೆ ಎಂಬ ವಿದ್ವಾಂಸರು ಇಡೀ ಕಡತ ಬಿಚ್ಚಿ, ಬರೆದವರು ಫ್ರೆಂಚ್ ಜೆಸ್ಯುಯಿಟರೇ, ಆದರೆ ಇಂಥವನೇ ಎಂದು ಬೆರಳಿಟ್ಟು ತೋರಲಾಗದು ಎಂದರು. ಕ್ರೈಸ್ತರು ಹಿಂದೂಗಳನ್ನು ಒಲಿಸಲು ಕಟ್ಟಿದ ‘ಹಳೆಯ’ ವೇದ, ಕ್ರೈಸ್ತ ಧರ್ಮವನ್ನೇ ಅಣಕಿಸಲು ವಾಲ್ಟೇರನ ಕೈಯ ಬಡಿಗೆಯಾಯಿತು. ಸುಳ್ಳು ವಯಸ್ಸು ಹೇಳಿ ಕಳಿಸಿದ ಗ್ರಂಥ ಕಳಿಸಿದವರಿಗೇ ತಿರುಗಿಬಿತ್ತು.

ಇದರ ಎದುರಿಗೆ ಫರ್ಡಿನಾಂಡ್ ಕಿಟ್ಟೆಲರನ್ನು ನಿಲ್ಲಿಸಿ ನೋಡಬಹುದು. ಅವರೂ ಮಿಷನರಿ, ಅವರಿಗೂ ಹಳೆಯ ಧಾಟಿಯ ಹುಚ್ಚು. ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿಗೆ ಹೊಂದಿಸಿ ‘ಕಥಾಮಾಲೆ’ ಬರೆದದ್ದು 1862ರಲ್ಲಿ, ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದ್ದು 1875ರಲ್ಲಿ, ನಿಘಂಟು ಬಂದದ್ದು 1894ರಲ್ಲಿ. ಬೇಕೆಂದಿದ್ದರೆ ‘ಕಥಾಮಾಲೆ’ಯನ್ನು ಯಾವುದೋ ತಾಳೆಗರಿಯಲ್ಲಿ ಸಿಕ್ಕ ಹಳೆಯ ಕಾವ್ಯವೆಂದು ತೇಲಿಬಿಡುವಷ್ಟು ಪಾಂಡಿತ್ಯ ಅವರಿಗಿತ್ತು. ಹಾಗೆ ಮಾಡಲಿಲ್ಲ, ತಮ್ಮ ಕೃತಿಯಾಗಿಯೇ ಅಚ್ಚು ಹಾಕಿಸಿದರು. ಧಾಟಿ ಹಳೆಯದು, ಹೆಸರು ತಮ್ಮದು. ಇಬ್ಬರ ಕಸುಬೂ ಒಂದೇ, ನಡೆ ಬೇರೆ. ಹಳೆಯದರಂತೆ ಹಾಡುವುದು ಕಲೆ. ಹಳೆಯದೇ ಎಂದು ಹೇಳುವುದು ವಂಚನೆ. ‘ಮೂಲ ಮುಖ್ಯವಲ್ಲ’ ಎಂಬ ಒಂದೇ ಮಾತಿನಲ್ಲಿ ಇವೆರಡನ್ನೂ ಕಟ್ಟಿಹಾಕಲು ಬರುವುದಿಲ್ಲ.

ಮರೆವಿನ ಪ್ರಶ್ನೆ ಇನ್ನೂ ಉಳಿದಿದೆ. ಅದು ಮೇಲುನೋಟಕ್ಕೆ ಕಾಣುವಷ್ಟು ಮುಗ್ಧವಲ್ಲ. ದೊಡ್ಡಬಳ್ಳಾಪುರದ ನೇಕಾರ ಮನೆಯಲ್ಲಿ 1954ರಲ್ಲಿ ಹುಟ್ಟಿದ ವಿಮರ್ಶಕ ಡಿ.ಆರ್. ನಾಗರಾಜ್ ‘ಸಾಂಸ್ಕೃತಿಕ ವಿಸ್ಮೃತಿ’ಯ ಬಗ್ಗೆ ಮತ್ತೆ ಮತ್ತೆ ಬರೆದರು. ಕೈಕಸುಬಿನ ಜಾತಿಗಳ ಜ್ಞಾನವೂ ಕಲ್ಪನೆಯೂ ತಾವಾಗಿ ಮಾಸಿಹೋದವಲ್ಲ, ಆಧುನಿಕತೆಯ ಭರಾಟೆಯಲ್ಲಿ ನಮ್ಮ ಓದುಬಲ್ಲವರು ಅವನ್ನು ಮರೆತರು ಎಂಬುದು ಅವರ ಚಿಂತೆಯಾಗಿತ್ತು. ಅಲ್ಲಮನ ಮೇಲಿನ ಅವರ ದೊಡ್ಡ ಪುಸ್ತಕ ಅವರು 1998ರಲ್ಲಿ ತೀರಿಕೊಂಡ ಮೇಲೆ ಹೊರಬಂತು. ಅವರ ಮಾತನ್ನು ಹಾಡಿಗೆ ಹಚ್ಚಿ ನೋಡಿದರೆ ‘ಸಾಂಪ್ರದಾಯಿಕ’ ಎಂಬ ಚೀಟಿ ಬೇರೆಯಾಗಿಯೇ ಓದಿಸಿಕೊಳ್ಳುತ್ತದೆ. ಯಾರ ಹೆಸರು ಉಳಿಯಿತು, ಯಾರದು ಹೋಯಿತು? ಅಂಕಿತ ಉಳಿದದ್ದು ಹೆಚ್ಚಾಗಿ ಮಠ, ಪೀಠ, ತಾಳೆಗರಿಗಳ ಕಾವಲಿದ್ದವರದು. ಬೀಸುವ ಪದ, ಸೋಬಾನೆ, ಜೋಗುಳ ಕಟ್ಟಿದ ಹೆಂಗಸರಿಗೆ ಅಂಕಿತವಿಲ್ಲ. ಹಲಸಂಗಿಯ ಗೆಳೆಯರು 1931ರಲ್ಲಿ ತಂದ ‘ಗರತಿಯ ಹಾಡು’ ಕನ್ನಡಕ್ಕೆ ದೊಡ್ಡ ಉಪಕಾರ ಮಾಡಿತು, ಅದರಲ್ಲಿ ಎರಡು ಮಾತಿಲ್ಲ. ಆದರೂ ನಮಗೆ ನೆನಪಿರುವುದು ಸಂಗ್ರಹಿಸಿದ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರ ಹೆಸರು. ಹಾಡಿದ ಗರತಿ ಶೀರ್ಷಿಕೆಯಲ್ಲಿದ್ದಾಳೆ, ಹೆಸರಿಲ್ಲದೆ. ಅಪೌರುಷೇಯ ಎಂಬ ಗೌರವ ವೇದಕ್ಕೆ ಸಿಕ್ಕಿತು. ಬೀಸುವ ಪದಕ್ಕೆ ಸಿಕ್ಕಿದ್ದು ಬರೀ ಅನಾಮಧೇಯತೆ.

ಹಾಗಾದರೆ ಭಕ್ತ ಏನು ಮಾಡಬೇಕು? ಹಾಡುವ ಹೊತ್ತಿನಲ್ಲಿ ಅವನಿಗೆ ಮೂಲದ ಗೊಡವೆ ಬೇಕಿಲ್ಲ. ಯಹೂದಿ ಬರೆದ ಹಾಡಿನಿಂದ ಕ್ರೈಸ್ತನ ಹಬ್ಬ ಮೈಲಿಗೆಯಾಗಲಿಲ್ಲ, ಸಿನಿಮಾ ಹಾಡಿನಿಂದ ಸಾವಿನ ಮನೆಯ ದುಃಖ ಹಗುರವಾಗುವುದು ತಪ್ಪಲಿಲ್ಲ. ಆದರೆ ಅದೇ ಭಕ್ತ ಮೈಕು ಹಿಡಿದು ‘ಇದು ಐದು ಸಾವಿರ ವರ್ಷ ಹಳೆಯದು, ಆದ್ದರಿಂದ ನಿಜ, ಆದ್ದರಿಂದ ಎಲ್ಲರೂ ಒಪ್ಪಬೇಕು’ ಎನ್ನತೊಡಗಿದ ಗಳಿಗೆಯಿಂದ, ಹುಟ್ಟಿದ ತಾರೀಖು ಕೇಳುವ ಹಕ್ಕು ಕೇಳುವವರಿಗೆ ಬರುತ್ತದೆ. ಹಳೆತನವನ್ನು ಸಾಕ್ಷಿಯಾಗಿ ಕಟಕಟೆಗೆ ತಂದವರು ಪಾಟೀಸವಾಲಿಗೂ ಸಿದ್ಧವಿರಬೇಕು. ಋಷಿಮೂಲದ ಗಾದೆಯನ್ನು ಅಲ್ಲಿ ಅಡ್ಡ ಹಿಡಿಯುವಂತಿಲ್ಲ.

ಇದಕ್ಕೆ ಕಾಸಿನ ಮುಖವೂ ಇದೆ. ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದು. ಅದರಂತೆ ಬರೆದವನು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಕರ್ತೃ ಯಾರೆಂದೇ ತಿಳಿಯದ ಜನಪದ ಹಾಡಿಗೆ ಕಾವಲು ಇಲ್ಲ. ಅದಕ್ಕೆ ಕೀಬೋರ್ಡು ಸೇರಿಸಿ ಧ್ವನಿಮುದ್ರಿಸಿದ ಕಂಪನಿಗೆ ಆ ಮುದ್ರಣದ ಹಕ್ಕು ಸಿಗುತ್ತದೆ, ಹಾಡು ಕಲಿಸಿಕೊಟ್ಟ ಅಜ್ಜಿಗೆ ಏನೂ ಸಿಗುವುದಿಲ್ಲ.

ಈ ಧನುರ್ಮಾಸದಲ್ಲಿ, ಈ ಕ್ರಿಸ್‌ಮಸ್ಸಿನಲ್ಲಿ ಊರಿನ ಭಜನೆಯನ್ನೋ ಚರ್ಚಿನ ಹಾಡನ್ನೋ ಮೊಬೈಲಿನಲ್ಲಿ ಹಿಡಿದು ಹಂಚುವವರು ಬಹಳ ಮಂದಿ ಇರುತ್ತಾರೆ. ಅವರಲ್ಲಿ ಒಂದು ಕೋರಿಕೆ. ‘ಸಾಂಪ್ರದಾಯಿಕ’ ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಹಾಡಿದವರ ಹೆಸರು, ಅವರಿಗೆ ಕಲಿಸಿದವರ ಹೆಸರು, ಯಾವ ಊರು, ಯಾವ ವರ್ಷ, ಅದು ಸಿನಿಮಾದ್ದಾಗಿದ್ದರೆ ಯಾವ ಸಿನಿಮಾ ಎಂದು ಅವರನ್ನೇ ಕೇಳಿ, ಅವರ ಒಪ್ಪಿಗೆ ಪಡೆದು, ಹಾಡಿನ ಕೆಳಗೆ ಬರೆಯಿರಿ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದೇ ಬರೆಯಿರಿ. ಮನೆಯಲ್ಲಿ ಹಳೆಯ ಭಜನೆ ಪುಸ್ತಕವಿದ್ದರೆ ಅದರ ಮೊದಲ ಹಾಳೆಯಲ್ಲಿ, ಅದನ್ನು ಯಾರು ಬರೆದಿಟ್ಟದ್ದೆಂದು ಬಲ್ಲವರು ಬದುಕಿರುವಾಗಲೇ ಕೇಳಿ ಗುರುತು ಹಾಕಿಡಿ.